ಒಂದೇ ಮಾತಿನ ಮೇಷ್ಟ್ರು

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಬಿಸಿಲಿಗೆ ಬಹಳ ಹೆದರುತ್ತಿದ್ದರು, ಆದರೆ ಒಂದು ಛತ್ರಿಯನ್ನೂ ನೆಟ್ಟಗೆ ಉಳಿಸಿಕೊಂಡವರಲ್ಲ. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಕಾಲದಲ್ಲಿ ಅವರು ಸೀಟಿನ ಸಂದಿಯಲ್ಲಿ ಮರೆತು ಇಳಿದ ಛತ್ರಿಗಳಿಂದ ಹರಿಹರದ ಅರ್ಧ ಊರಿಗೆ ನೆರಳಾಗಿರಬೇಕು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ವಸ್ತು ಹೋದರೆ ಹೋಯಿತು, ಶಬ್ದ ತಮ್ಮ ಹತ್ತಿರ ಇದೆಯಲ್ಲ ಎಂದು ಅವರು ನಗುತ್ತಿದ್ದರು. ಆಮೇಲೆ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲೇ ಮನೆ ಕಟ್ಟಿಸಿಕೊಂಡು ಬಂದರು. ಶಾಲೆಯಲ್ಲಿ ಸಹೋದ್ಯೋಗಿ, ಬೀದಿಯಲ್ಲಿ ನೆರೆಯವರು. ಹೀಗಾಗಿ ಆ ಮನುಷ್ಯನನ್ನು ನಾನು ಮುಂಬಾಗಿಲು ಹಿತ್ತಲ ಬಾಗಿಲು ಎರಡರಿಂದಲೂ ನೋಡಿದವಳು. ಹೆಸರು ಹೇಳುವುದಿಲ್ಲ. ಅವರನ್ನು ಬಲ್ಲವರಿಗೆ ಬೇಕಿಲ್ಲ, ಅರಿಯದವರಿಗೆ ಹೇಳಿ ಪ್ರಯೋಜನವಿಲ್ಲ.

ನಾನು ವಿಜ್ಞಾನದ ಟೀಚರು. ಸುತ್ತಿ ಬಳಸಿ ಮಾತಾಡುವುದು ನನ್ನ ಜಾಯಮಾನವಲ್ಲ. ಅವರಾದರೋ ಒಂದು ಮಾತು ಕಿವಿಗೆ ಬಿದ್ದರೆ ಅದನ್ನು ಬಿಚ್ಚದೆ ಬಿಡುತ್ತಿರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಸೊಪ್ಪಿನ ಹೆಸರು ಕೇಳುತ್ತ ನಿಂತು, ಸೊಪ್ಪು ಕೊಳ್ಳುವುದನ್ನೇ ಮರೆತು ಬಂದು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ತರಗತಿಯಲ್ಲಿ ಅವರದೊಂದು ಪದ್ಧತಿ. ಹುಡುಗರು ತಪ್ಪು ಉತ್ತರ ಹೇಳಿದರೆ ಬೈಯುವುದಿಲ್ಲ, ಮುಖ ಗೋಡೆಯ ಕಡೆ ತಿರುಗಿಸಿಬಿಡುವುದು. ಸರಿಯುತ್ತರ ಬಂದರೆ ಬೆರಳಗೆಣ್ಣಿನಿಂದ ಮೇಜಿಗೆ ಒಂದೇ ಒಂದು ಕುಟ್ಟು. ಭೇಷ್ ಇಲ್ಲ, ಗುಡ್ ಇಲ್ಲ. ಆ ಒಂದು ಕುಟ್ಟಿಗಾಗಿ ಹುಡುಗರು ಒದ್ದಾಡುತ್ತಿದ್ದುದನ್ನು ಪಕ್ಕದ ತರಗತಿಯಿಂದ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವರು ಛತ್ರಿಯ ಜಾತಕವನ್ನು ನಮ್ಮ ಮುಂದೆ ಬಿಚ್ಚಿದ್ದು ಒಂದು ಜಗಳದ ನಡುವೆ. ನಮ್ಮ ಪೀಟಿ ಮೇಷ್ಟ್ರು ಕ್ರೀಡಾಕೂಟಕ್ಕೆಂದು ರಜೆ ಬರೆದು ಯಾರದೋ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದರು. ಗುಮಾಸ್ತ ಅದನ್ನು ಪತ್ತೆ ಹಚ್ಚಿ, ಭಾರೀ ಛತ್ರಿ ಇದ್ದೀರಿ ಸಾರ್ ನೀವು ಅಂದುಬಿಟ್ಟ. ನಮ್ಮ ಕಡೆ ಛತ್ರಿ ಅಂದರೆ ಕೈಯಲ್ಲಿ ಹಿಡಿಯುವುದಷ್ಟೇ ಅಲ್ಲ, ಮೋಸಗಾರ, ಕಿಲಾಡಿ, ನಂಬಬಾರದವನು ಅಂತಲೂ ಆಗುತ್ತದೆ. ಪೀಟಿ ಮೇಷ್ಟ್ರು ತೋಳು ಏರಿಸಿದರು, ಗುಮಾಸ್ತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಆಗ ನಮ್ಮ ಕನ್ನಡ ಮೇಷ್ಟ್ರು ಇಬ್ಬರ ಮಧ್ಯೆ ನಿಂತು, ಬಿಡಿಸುವುದಕ್ಕೆ ಅಂದುಕೊಂಡೆವು, ಪಾಠ ಶುರು ಮಾಡಿದರು.

ಸಂಸ್ಕೃತದಲ್ಲಿ ಮುಚ್ಚು ಎಂಬ ಅರ್ಥದ ಒಂದು ಧಾತುವಿದೆಯಂತೆ. ಅದರಿಂದ ಛತ್ರ, ಮೇಲಿನಿಂದ ಮುಚ್ಚುವಂಥದ್ದು. ಅದಕ್ಕೇ ಇನ್ನೊಂದು ಹೆಸರು ಆತಪತ್ರ, ಬಿಸಿಲಿನಿಂದ ಕಾಯುವಂಥದ್ದು. ಉತ್ತರದವರ ಬಾಯಲ್ಲಿ ಛತ್ರ ಛತ್ರಿಯಾಗಿ ನಮ್ಮ ಪೇಟೆಗೆ ಇಳಿಯಿತು. ಇಂಗ್ಲಿಷಿನ ಅಂಬ್ರೆಲಾ ಇಟಲಿಯಿಂದ ಹೋದ ಮಾತು, ಅದರ ಬೇರು ಲ್ಯಾಟಿನ್ನಿನ ನೆರಳಿನಲ್ಲಿದೆ, ಪುಟ್ಟ ನೆರಳು ಅಂತ ಅರ್ಥ. ಪಾಪ, ಇಂಗ್ಲಿಷರ ಊರಲ್ಲಿ ಬಿಸಿಲೆಲ್ಲಿ ಬಂತು, ನೆರಳಿನ ಹೆಸರನ್ನು ಒಯ್ದು ಮಳೆಗೆ ಹಿಡಿದರು. ಪ್ಯಾರಾಸಾಲ್ ಅಂದರೆ ಸೂರ್ಯನನ್ನು ತಡೆಯುವುದು. ಎಲ್ಲರೂ ಅದು ಮಾಡುವ ಕೆಲಸವನ್ನೇ ಹೆಸರಾಗಿ ಇಟ್ಟಿದ್ದಾರೆ ನೋಡಿ ಅಂದರು. ತಮಿಳರ ಕುಡೈ, ಮಲಯಾಳಿಗಳ ಕುಡ, ತೆಲುಗರ ಗೊಡುಗು, ನಮ್ಮ ಕೊಡೆ, ಇವು ಒಂದೇ ತಾಯಿಯ ಮಕ್ಕಳು. ಹಾಗಾದರೆ ಕೊಡೆಗೆ ಮೂಲದಲ್ಲಿ ಏನು ಅರ್ಥ ಎಂದು ನಾನು ಕೇಳಿದೆ. "ಗೊತ್ತಿಲ್ರಿ ಟೀಚರೇ" ಅಂದರು. ಗೊತ್ತಿಲ್ಲ ಅನ್ನುವಾಗ ಅಷ್ಟು ಸಂತೋಷಪಡುವ ಇನ್ನೊಬ್ಬ ಮೇಷ್ಟ್ರನ್ನು ನಾನು ಕಂಡಿಲ್ಲ.

ಪಾಠ ಅಲ್ಲಿಗೇ ಮುಗಿಯಲಿಲ್ಲ. ಮದುವೆಯ ಛತ್ರ ಈ ವಂಶದ್ದಲ್ಲ, ಅದು ಸತ್ರ, ಅನ್ನ ಹಾಕುವ ಜಾಗ, ಬಾಯಿಂದ ಬಾಯಿಗೆ ಬಿದ್ದು ಛತ್ರವಾಯಿತು. ಆದರೆ ವೇಷ ಮರೆಸುವ ಛದ್ಮ ಇದೇ ಧಾತುವಿನ ಮಗ. ಮೋಸವನ್ನೂ ಮುಚ್ಚಿಯೇ ಮಾಡಬೇಕಲ್ಲ. ಗುಮಾಸ್ತರ ಬೈಗುಳ ಅಲ್ಲಿಂದಲೇ ಬಂತೆನ್ನಲು ಸಾಕ್ಷಿ ಇಲ್ಲ, ಮುಖದ ಹೋಲಿಕೆ ಮಾತ್ರ ಇದೆ. ಇನ್ನು ಶಿಷ್ಯನಿಗೆ ಛಾತ್ರ ಅನ್ನುವುದೂ ಹಾಗೆಯೇ, ಗುರುವಿನ ತಪ್ಪನ್ನು ಕೊಡೆಯಂತೆ ಮುಚ್ಚುವವನು ಎಂದು ಹಿಂದಿನ ವ್ಯಾಕರಣದವರ ಮಾತು. ಇಷ್ಟು ಹೇಳಿ ತಿರುಗಿ ನೋಡಿದರೆ ಹೊಡೆದಾಟಕ್ಕೆ ನಿಂತಿದ್ದವರಿಬ್ಬರೂ ಬೇಸತ್ತು ಜೊತೆಯಾಗಿ ಟೀ ಕುಡಿಯಲು ಹೋಗಿದ್ದರು.

ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂತವರಲ್ಲ. ಅಂಗಡಿ ಬೋರ್ಡುಗಳ ಕಾಗುಣಿತ ತಿದ್ದುವುದು, ಬೀದಿಯ ಹುಡುಗರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪದ ಬಿಡಿಸುವುದು ನಡೆದೇ ಇತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದವರು ಹಿತ್ತಲಲ್ಲಿ ಕುಸಿದರು. ಸ್ಟ್ರೋಕ್. ಬಲಗೈ ಬಲಗಾಲು ಹೋದವು. ಜೀವ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಲು ಹೋದೆ. ಹೇಗಿದ್ದೀರಿ ಮೇಷ್ಟ್ರೇ ಅಂದೆ. ಬಾಯಿ ತೆರೆದರು, ಕತ್ತಿನ ನರ ಬಿಗಿಯುವಷ್ಟು ಕಷ್ಟಪಟ್ಟರು, ಹೊರಗೆ ಬಂದದ್ದು ಒಂದೇ ಮಾತು.

"ಛತ್ರಿ."

ನೀರು ಬೇಕಾದರೆ ಛತ್ರಿ, ಬಚ್ಚಲಿಗೆ ಹೋಗಬೇಕಾದರೆ ಛತ್ರಿ, ಹೆಂಡತಿಯನ್ನು ಕರೆಯಲು ಛತ್ರಿ. ಮಾತಿನ ಭಾಗಕ್ಕೆ ಪೆಟ್ಟಾಗಿದೆ, ಕೆಲವರಿಗೆ ಹೀಗೆ ಒಂದು ಪದ ಮಾತ್ರ ಉಳಿದುಬಿಡುತ್ತದೆ, ಯಾವುದು ಉಳಿಯುತ್ತದೆ ಎಂದು ಯಾರೂ ಹೇಳಲಾರರು ಎಂದರು ಡಾಕ್ಟರು. ಎಡಗೈಗೆ ಸ್ಲೇಟು ಕೊಟ್ಟರೆ ಬರೀ ಗೀಟು. ಬರಹವೂ ಮಾತಿನ ಜೊತೆಗೇ ಹೋಗಿತ್ತು. ಹೌದು, ಅಲ್ಲ ಎಂದು ತಲೆಯಾಡಿಸುವುದೂ ಒಮ್ಮೊಮ್ಮೆ ತಿರುಗುಮುರುಗಾಗುತ್ತಿತ್ತು. ಆದರೆ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಬುದ್ಧಿ ನೆಟ್ಟಗಿದೆ, ಎಲ್ಲ ತಿಳಿಯುತ್ತದೆ. ನನಗೆ ಅದನ್ನು ಕೇಳಿಯೇ ಹೆಚ್ಚು ಸಂಕಟವಾಯಿತು. ತಿಳಿಯದಿದ್ದರೆ ಅವರ ಪಾಡಿಗೆ ಅವರು ಇರುತ್ತಿದ್ದರು. ಅಷ್ಟೊಂದು ಮಾತು ತುಂಬಿಕೊಂಡ ಮನುಷ್ಯ ಒಳಗೆ ಕೂತು, ಇರುವ ಒಂದೇ ಕಿಂಡಿಯಿಂದ ಹೊರಗೆ ಕೈ ಚಾಚುತ್ತಿದ್ದರು.

ಅದೂ ಎಂಥ ಕಿಂಡಿ. ನೋಡಲು ಬಂದವರಿಗೆಲ್ಲ ಮುಖದ ಮೇಲೆ ಬೈಗುಳ. ಅವರ ಹೆಂಡತಿ ಶಾಂತಕ್ಕನ ಅಣ್ಣ ಕೊಕ್ಕನೂರಿನವರು, ತೋಟ ತುಡಿಕೆ ಇದ್ದ ಜಬರದಸ್ತ್ ಆಸಾಮಿ. ಬಾಳೆಗೊನೆ ಹೊರಿಸಿಕೊಂಡು ಬಂದು ಎದುರಿಗೆ ಕೂತು, ಗುರುತು ಸಿಕ್ಕಿತಾ ಭಾವ, ನಾನು ಯಾರು ಹೇಳು ಅಂದರು. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಛತ್ರಿ ಅಂದರು. ಆ ಅಣ್ಣನ ಮುಖ ಕಪ್ಪಿಟ್ಟಿತು. ಕಾಯಿಲೆ ಅಂತ ಗೊತ್ತಿದ್ದರೂ ಬೈಗುಳ ಬೈಗುಳವೇ ಅಲ್ಲವೇ. ಅಂದಿನಿಂದ ಆ ಮನುಷ್ಯ ಬಂದರೆ ಹಜಾರದಲ್ಲಿ ಕೂತು ತಂಗಿಯನ್ನು ಮಾತಾಡಿಸಿಕೊಂಡು ಹೋಗುತ್ತಿದ್ದರೇ ಹೊರತು ಮೇಷ್ಟ್ರ ಎದುರಿಗೆ ಬರುತ್ತಿರಲಿಲ್ಲ.

ಮಗಳು ಸುಮಾ ಮಾತ್ರ ಬೇರೆ ದಾರಿ ಹಿಡಿದಳು. ಅವಳು ಒಂದು ಖಾಸಗಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಪ್ಪನ ಹತ್ತಿರ ಕೂತು ಆ ಒಂದು ಮಾತಿನ ರಾಗವನ್ನು ಕಲಿತಳು. ಎಳೆದು ಅಂದರೆ ನೀರು, ಗಕ್ಕನೆ ಕಡಿದರೆ ಬಚ್ಚಲು, ಕೊನೆಗೆ ಏರಿಸಿದರೆ ಏನಾಯಿತು ಎಂಬ ಪ್ರಶ್ನೆ, ಮೆತ್ತಗೆ ಇಳಿಸಿದರೆ ಸುಮಾ. ನನ್ನ ಹೆಸರೂ ಅದರೊಳಗೆ ಇತ್ತು, ನಡುವೆ ಸ್ವಲ್ಪ ತಡೆದು, ಹಿಂದೆ ಟೀಚರೇ ಅನ್ನುತ್ತಿದ್ದ ಧಾಟಿಯಲ್ಲೇ. ಹಿಂದೆ ಒಂದು ವಸ್ತುವಿಗೆ ಹತ್ತು ಭಾಷೆಯ ಹೆಸರು ಹೇಳುತ್ತಿದ್ದವರು ಈಗ ನೂರು ವಸ್ತುವಿಗೆ ಒಂದೇ ಹೆಸರಿನಲ್ಲಿ ಸಂಸಾರ ಮಾಡುತ್ತಿದ್ದರು. ಸುಮಾ ತಪ್ಪು ಊಹಿಸಿದರೆ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಸರಿಯಾದರೆ ಎಡಗೈ ಗೆಣ್ಣಿನಿಂದ ಕುರ್ಚಿಯ ತೋಳಿಗೆ ಒಂದು ಕುಟ್ಟು. ತಲೆಯಾಡಿಸುವುದು ತಪ್ಪಿದರೂ ಈ ಕುಟ್ಟು ತಪ್ಪುತ್ತಿರಲಿಲ್ಲ. ಇದನ್ನು ಸುಮಾಳೂ ನಾನೂ ನಂಬಿದ್ದೆವು. ಬೇರೆ ಯಾರೂ ನಂಬಲಿಲ್ಲ, ಶಾಂತಕ್ಕನೂ ಪೂರ್ತಿ ನಂಬಲಿಲ್ಲ.

ಹೀಗಿರುವಾಗ ಕೊಕ್ಕನೂರಿನ ಅಣ್ಣ ಸುಮಾಳಿಗೊಂದು ಸಂಬಂಧ ತಂದರು. ಹುಡುಗ ಹರಿಹರದವನು, ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಗಂಡನ ಕಣ್ಮುಂದೆ ಮಗಳ ಮದುವೆಯಾಗಿಬಿಡಲಿ ಎಂದು ಶಾಂತಕ್ಕನ ಜೀವ ತುಡಿಯುತ್ತಿತ್ತು. ಹುಡುಗನ ಕಡೆಯವರು ಬರುವ ದಿನ ಎದ್ದ ಪ್ರಶ್ನೆ ಒಂದೇ, ಮೇಷ್ಟ್ರನ್ನು ಎಲ್ಲಿಡುವುದು. ಒಳಗಿನ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿ, ಬಂದವರಿಗೆ ಛತ್ರಿ ಅಂದರೆ ಮರ್ಯಾದೆ ಏನಾದೀತು ಅಂದರು ಅಣ್ಣ. ಶಾಂತಕ್ಕ ಒಪ್ಪಿಯೂ ಬಿಟ್ಟಿದ್ದರು. ನನಗೆ ಪಿತ್ತ ನೆತ್ತಿಗೇರಿತು, ಏನೇನು ಅಂದೆನೋ ನೆನಪಿಲ್ಲ. ಸುಮಾ ಮಾತ್ರ ತಣ್ಣಗೆ, ಅಪ್ಪಾಜಿ ಹಜಾರದಲ್ಲಿ ಕೂರದಿದ್ದರೆ ತಾನೂ ಬಂದು ಕೂರುವುದಿಲ್ಲ ಅಂದಳು. ಸರಿ, ಹಜಾರದ ಮೂಲೆಯಲ್ಲಿ ಕುರ್ಚಿ ಹಾಕಿ, ಶಾಲು ಹೊದಿಸಿ ಕೂರಿಸಿದೆವು.

ಹುಡುಗ, ಅವನ ತಾಯಿ, ಚಿಕ್ಕಪ್ಪ ಬಂದರು. ಅಣ್ಣ ಬಾಗಿಲಲ್ಲೇ, ಮಾತು ಹೋಗೈತೆ, ಪಾಪ, ಏನೂ ತಿಳಿಯಂಗಿಲ್ಲ ಎಂದು ಪರಿಚಯ ಮಾಡಿಕೊಟ್ಟರು. ಹುಡುಗನ ತಾಯಿ ಅಡುಗೆಮನೆ ನೋಡುತ್ತೇನೆಂದು ಒಳಗೆ ಬಂದರು. ಅಣ್ಣ ಸೋಡ ತರಲು ಅಂಗಡಿಗೆ ಹೋದರು. ನಾನು, ಶಾಂತಕ್ಕ ಶಿರಾ ತಟ್ಟೆಗೆ ಹಾಕುತ್ತಿದ್ದೆವು. ಹಜಾರದಲ್ಲಿ ಹುಡುಗನೂ ಅವನ ಚಿಕ್ಕಪ್ಪನೂ ಏನೋ ಗುಸುಗುಸು ಮಾತಾಡಿಕೊಳ್ಳುತ್ತಿದ್ದುದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮೂಲೆಯಲ್ಲಿ ಕೂತ ಮೇಷ್ಟ್ರು ಅವರ ಲೆಕ್ಕಕ್ಕೆ ಕುರ್ಚಿಯ ಜೊತೆಗೊಂದು ಕುರ್ಚಿ.

ನಾವು ತಟ್ಟೆ ಹಿಡಿದು ಬರುವ ಹೊತ್ತಿಗೆ ಅಣ್ಣನೂ ಬಂದು ಕೂತಿದ್ದರು. ಮೇಷ್ಟ್ರು ಎಡಗೈಯನ್ನು ನೇರ ಹುಡುಗನ ಕಡೆ ಚಾಚಿ, ಛತ್ರಿ ಅಂದರು. ಎಳೆಯಲಿಲ್ಲ, ಕಡಿಯಲಿಲ್ಲ, ಏರಿಸಲಿಲ್ಲ, ಇಳಿಸಲಿಲ್ಲ. ಕಪ್ಪು ಹಲಗೆಯ ಮೇಲಿನ ಪದ ಓದಿದ ಹಾಗೆ ನೆಟ್ಟಗೆ. ಹುಡುಗನ ಮುಖ ಬಿಳಿಚಿತು. ಅಣ್ಣ ಹಲ್ಲು ಕಡಿದರು. ಆಗ ಶಾಂತಕ್ಕ, ಆ ಬಡಪಾಯಿ, ಗಂಡನ ಮಾನ ಕಾಯಲು ಹೋಗಿ ಒಂದು ಮಾತು ಹುಟ್ಟಿಸಿಬಿಟ್ಟರು.

"ಛತ್ರ, ಛತ್ರ ಅಂತಾರ ರೀ. ಮಗಳ ಮದುವಿ ಮನೆ ಮುಂದೆ ಬ್ಯಾಡ, ಛತ್ರದಾಗೇ ಆಗಬೇಕು ಅಂತ ಅವರಿಗೆ ಮೊದಲಿಂದ ಆಸೆ."

ಎಲ್ಲರಿಗೂ ಉಸಿರು ಬಂತು. ಹುಡುಗನ ಚಿಕ್ಕಪ್ಪ ಗಟ್ಟಿಯಾಗಿ ನಕ್ಕು, ಹರಿಹರದಲ್ಲಿ ಒಳ್ಳೆಯ ಛತ್ರವೇ ನೋಡೋಣ ಎಂದರು. ಮೇಷ್ಟ್ರು ತಲೆ ಅಲ್ಲಾಡಿಸುತ್ತ ಮತ್ತೆ ಛತ್ರಿ ಅಂದರು. ಆಗಲಿ ಸಾರ್, ದೊಡ್ಡದೇ ನೋಡೋಣ ಎಂದರು ಅವರು. ಮೇಷ್ಟ್ರು ಇನ್ನೊಮ್ಮೆ ಅಂದರು. ಊಟದ ಹಾಲ್ ಬೇರೆ ಇರುವ ಛತ್ರ ನೋಡೋಣ ಬಿಡಿ ಎಂಬ ಉತ್ತರ ಬಂತು. ಮೇಷ್ಟ್ರು ಕೂಗಿದಷ್ಟೂ ಮದುವೆ ಹತ್ತಿರವಾಗುತ್ತ ಹೋಯಿತು. ಮೈಯೆಲ್ಲ ಬೆವೆತು, ಕೆಂಪಾಗಿ, ಕೊನೆಗೆ ಸೋತು ಸುಮ್ಮನಾದರು. ತಂದೆಯ ಒಪ್ಪಿಗೆಯೂ ಆಯಿತಲ್ಲ ಎಂದುಕೊಂಡು ಹುಡುಗನ ಕಡೆಯವರು ಎದ್ದು ಹೋದರು. ಶಬ್ದದ ಬೇರು ಬಲ್ಲ ಆ ಮನುಷ್ಯನಿಗೆ, ಆ ಎರಡಕ್ಕೂ ಸಂಬಂಧವಿಲ್ಲ ಎಂದು ಕೂಗಿ ಹೇಳಲೂ ಅದೇ ಮಾತು ಬೇಕಾಗಿತ್ತು.

ಅವರು ಹೋದ ಮೇಲೆ ಮೇಷ್ಟ್ರು ತುತ್ತು ಮುಟ್ಟಲಿಲ್ಲ. ಸುಮಾ ರೇಷ್ಮೆ ಸೀರೆಯಲ್ಲೇ ಅಪ್ಪನ ಕಾಲ ಬಳಿ ನೆಲಕ್ಕೆ ಕೂತಳು. ಛತ್ರಿ ಎಂಬ ಮಾತನ್ನು ಅವರು ಕಲಿಸಿದ ಹಾಗೆಯೇ ಬಿಚ್ಚಲು ಶುರು ಮಾಡಿದಳು. ಮಳೆಗೆ ಹಿಡಿಯುವುದಾ ಅಪ್ಪಾಜಿ ಅಂದಳು. ಮುಖ ಗೋಡೆಗೆ ತಿರುಗಿತು. ಮದುವೆಯ ಛತ್ರವಾ ಅಂದಳು. ಗೋಡೆ. ನೀರು, ಔಷಧಿ, ಬಚ್ಚಲು, ಎಲ್ಲಕ್ಕೂ ಗೋಡೆ. ಆಮೇಲೆ ಅವಳ ಧ್ವನಿ ಸಣ್ಣಗಾಯಿತು.

"ಅಪ್ಪಾಜಿ, ಆ ಹುಡುಗ ಛತ್ರಿನಾ? ಬೈಯೋ ಛತ್ರಿನಾ?"

ಕುರ್ಚಿಯ ತೋಳಿಗೆ ಗೆಣ್ಣು ಬಿತ್ತು. ಒಂದಲ್ಲ, ಬಿಡದೆ ಕುಟ್ಟಿದರು. ಕುಟ್ಟುತ್ತಲೇ ಹೋ ಎಂದು ಅತ್ತರು. ಸೊಟ್ಟಗಾದ ಬಾಯಿಂದ ಅಳು ಬರುವುದನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಇವರು ಕಿವಿಯಿಲ್ಲದವರು ಎಂದು ತಿಳಿದು ಅವರಿಬ್ಬರೂ ಇವರ ಮುಂದೆಯೇ ಏನನ್ನೋ ಮಾತಾಡಿಕೊಂಡಿದ್ದಾರೆ ಎಂಬುದು ಆಗ ಹೊಳೆಯಿತು.

ಸುಮಾ ಈ ಸಂಬಂಧ ಬೇಡ ಅಂದಳು, ಅಣ್ಣ ಕೆಂಡವಾದರು. ಬುದ್ಧಿ ನೆಟ್ಟಗಿಲ್ಲದವರ ಒಂದು ಮಾತು ಕಟ್ಟಿಕೊಂಡು, ಬಂದ ಸಂಬಂಧ ಒದೆಯುತ್ತೀಯಾ, ನನಗೂ ಅದೇ ಮಾತು ಅಂದಿದ್ದನಲ್ಲ, ನಾನೂ ಮೋಸಗಾರನಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಶಾಂತಕ್ಕ ಒಂದು ಸಲ ಅಣ್ಣನ ಮುಖ, ಒಂದು ಸಲ ಮಗಳ ಮುಖ ನೋಡುತ್ತ ಅತ್ತರು. ನಿಮಗೆ ಅಂದ ರಾಗ ಬೇರೆ ಮಾವ, ಇದು ಬೇರೆ ಎಂದಳು ಸುಮಾ. ರಾಗವಂತೆ ರಾಗ ಎಂದು ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೂರಿನಲ್ಲೇ ಕೆಲಸಕ್ಕಿದ್ದ. ಅವನಿಗೆ ವಿಚಾರಿಸಲು ಹೇಳಿದೆ. ಹುಡುಗನಿಗೆ ರಾಣೆಬೆನ್ನೂರಿನಲ್ಲಿ ಮೊದಲೇ ಒಂದು ಸಂಸಾರವಿತ್ತು, ಮಗುವೂ ಇತ್ತು. ಸುದ್ದಿ ತಿಳಿದ ಮೇಲೆ ಕೊಕ್ಕನೂರಿನ ಅಣ್ಣ ಬಂದು, ಬಾಳೆಗೊನೆ ತಂದ ದಿನದ ಮೇಲೆ ಮೊದಲ ಸಲ, ಮೇಷ್ಟ್ರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಅವರಿಗೆ ಮತ್ತೆ ಛತ್ರಿ ಅಂದರು. ಹೂಂ ಭಾವ, ನಾನೇ, ಎಂದು ಅವರು ಕೈ ಹಿಡಿದುಕೊಂಡರು.

ಸುಮಾ ಆಮೇಲೆ ಎಷ್ಟು ಗಟ್ಟಿಯಾದಳೆಂದರೆ, ಮುಂದೆ ನೋಡಲು ಬಂದ ಹುಡುಗನನ್ನು ಅಪ್ಪನ ಜೊತೆ ಹಜಾರದಲ್ಲಿ ಬಿಟ್ಟು ಎಲ್ಲರನ್ನೂ ಒಳಗೆ ಕರೆದುಕೊಂಡು ಬಂದಳು. ಇವನೂ ಹರಿಹರದವನೇ. ಬಾಗಿಲ ಸಂದಿಯಿಂದ ನೋಡಿದರೆ, ಅವನು ಮೇಷ್ಟ್ರಿಗೆ ಕ್ರಿಕೆಟ್ ಸ್ಕೋರು ಹೇಳುತ್ತಿದ್ದ. ಮೇಷ್ಟ್ರಿಗೆ ಕ್ರಿಕೆಟ್ ಅಂದರೆ ಆಗದು, ಆದರೂ ಕೇಳುತ್ತಿದ್ದರು. ಮದುವೆ ನಡೆಯಿತು. ಅವರ ಮಾತು ನಿಜವಾಗಿಬಿಟ್ಟಿತ್ತಲ್ಲ, ಈಗ ಬೀದಿಯವರೆಲ್ಲ ಅವರ ಬಾಯಿಂದ ಬಂದದ್ದಕ್ಕೆ ಅರ್ಥ ಹುಡುಕುವವರೇ. ಇನ್ನು ಮೇಲೆ ಮೇಷ್ಟ್ರು ಒಂಟಿಯಲ್ಲ ಎಂದು ನಾನು ನಂಬಿಬಿಟ್ಟೆ. ಮನುಷ್ಯ ಎಷ್ಟು ಬೇಗ ಸಮಾಧಾನ ತಂದುಕೊಳ್ಳುತ್ತಾನೆ ನೋಡಿ.

ಕೊನೆಯ ತಿಂಗಳುಗಳಲ್ಲಿ ಅವರು ಹಾಸಿಗೆ ಹಿಡಿದರು. ಬಿಸಿಲ ಝಳ ತಾಗಬಾರದೆಂದು ಶಾಂತಕ್ಕ ಒಳಗಿನ ಕೋಣೆಯಲ್ಲಿ ಮಂಚ ಹಾಕಿಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟರು. ಅಲ್ಲಿ ಅವರು ಒಂದು ಹೊಸ ರಾಗ ಶುರು ಮಾಡಿದರು. ಮೊದಲು ತಗ್ಗಿನಲ್ಲಿ ಹಿಡಿದು, ನಡುವೆ ಉಸಿರು ಬಿಟ್ಟು, ಕೇಳಿಕೊಳ್ಳುವ ಹಾಗೆ ಮುಗಿಸುವುದು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಸುಮಾ ವಾರಗಟ್ಟಲೆ ರಜೆ ಹಾಕಿ ಬಂದು ಕೂತಳು. ನೋವಾ, ದೇವರಾ, ಅಮ್ಮನಾ, ಹರಿಹರದ ಹಳೆಯ ಮನೆಯಾ, ಯಾರನ್ನಾದರೂ ಕರೆಸಬೇಕಾ. ನಾನೂ ಕೇಳಿದೆ, ಕೊಕ್ಕನೂರಿನ ಅಣ್ಣನೂ ಬಗ್ಗಿ ಬಗ್ಗಿ ಕೇಳಿದರು. ಪ್ರತಿ ಸಲವೂ ಮುಖ ಗೋಡೆಯ ಕಡೆ ಹೋಗುತ್ತಿತ್ತು. ಬರಬರುತ್ತ ಮುಖ ತಿರುಗಿಸುವ ಶಕ್ತಿಯೂ ಹೋಗಿ ಕಣ್ಣು ಮಾತ್ರ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅದೂ ನಿಂತಿತು.

ಅವರು ಹೋದ ಮೇಲೆ ಸುಮಾ ಆಗಾಗ ನನಗೆ ಫೋನ್ ಮಾಡುತ್ತಾಳೆ. ಕುಶಲ ಕೇಳುವ ಮೊದಲೇ, ಟೀಚರ್, ಅದು ಹೀಗಿರಬಹುದಾ ಎಂದು ಶುರು. ಯಾವುದೋ ಶಿಷ್ಯನ ಹೆಸರು ಹೇಳುತ್ತಾಳೆ, ಅವರು ಓದಿ ಅರ್ಧಕ್ಕೆ ಬಿಟ್ಟ ಪುಸ್ತಕ ಹೇಳುತ್ತಾಳೆ. ನಾನು ಇರಬಹುದು ಅನ್ನುತ್ತೇನೆ. ಕುಟ್ಟಿ ಹೇಳುವವರು ಇಲ್ಲವಲ್ಲ. ಸಾಕು ಮಾಡು ಮಗಳೇ ಎಂದು ಗದರಿದ್ದೂ ಇದೆ.

ಮೊನ್ನೆ ಮಧ್ಯಾಹ್ನ ಮತ್ತೆ ಫೋನ್ ಬಂತು. ತುಂಗಭದ್ರೆಯ ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದಳಂತೆ. ತಲೆಯ ಮೇಲೆ ಏನೂ ಇರಲಿಲ್ಲ, ಬಿಸಿಲು ಚುರುಚುರು ಸುಡುತ್ತಿತ್ತು, ಆಗ ಹೊಳೆಯಿತಂತೆ.

"ಟೀಚರ್, ಅಪ್ಪಾಜಿ ಬಿಸಿಲು ಕೇಳಿದ್ರೇನೋ. ಹೊರಗೆ ಕರ್ಕೊಂಡು ಹೋಗ್ರಿ, ಒಂದು ಗಳಿಗೆ ಬಿಸಿಲಾಗೆ ಕೂರಿಸ್ರಿ ಅಂದ್ರೇನೋ. ಎಲ್ಲಾ ಕೇಳಿದ್ವಿ. ಅದೊಂದು ಕೇಳಲಿಲ್ಲ."

ಎಂದಿನಂತೆ ಇರಬಹುದು ಅನ್ನಲು ಬಾಯಿ ತೆರೆದೆ. ಆಮೇಲೆ ಫೋನು ಕಿವಿಗೆ ಹಿಡಿದುಕೊಂಡೇ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದೆ.